ಆರದ ಹುಣ್ಣು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ನಾನು ಚರ್ಮದ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇನೆ. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ನಮ್ಮ ಮನೆಯಲ್ಲಿ ಇದು ಆಗಿದೆ. ಹೇಳಲು ಅಪ್ಪ ಒಪ್ಪಿದ್ದಾರೆ, ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಅಪ್ಪನ ಕಾಲಿನ ಮೇಲೆ ಬಿತ್ತು. ಗಾಯ ಮಾಯ್ದು ಗಟ್ಟಿ ಕಲೆ ಉಳಿಯಿತು. ಮೂವತ್ತಾರು ವರ್ಷದ ನಂತರ ಅದೇ ಕಲೆಯ ಮೇಲೆ ಒಂದು ಹುಣ್ಣು ಎದ್ದಿತು. ಅರಿಶಿನ, ಬೇವು, ಮೆಡಿಕಲ್ ಶಾಪಿನ ಮುಲಾಮು ಎಲ್ಲ ಹಚ್ಚಿದೆವು. ಸಕ್ಕರೆ ಕಾಯಿಲೆ ಇರಬೇಕು ಎಂದರು, ಪರೀಕ್ಷೆ ಮಾಡಿಸಿದರೆ ಇರಲಿಲ್ಲ. ನಾನು ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ ನೋಡಿ ಇನ್ನೊಂದು ಮುಲಾಮು ಕೊರಿಯರ್ ಮಾಡಿದೆ. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಆಫೀಸಿನಲ್ಲಿ ಒಂದು ಸಣ್ಣ ದೋಷ ಎರಡು ದಿನ ಉಳಿದರೆ ನಿದ್ದೆಗೆಡುವ ನಾನು ಹದಿನಾಲ್ಕು ತಿಂಗಳು ಸುಮ್ಮನಿದ್ದೆ.

ಕೊನೆಗೆ ಬಯಾಪ್ಸಿ ಆಯಿತು. ಅಂದರೆ ಹುಣ್ಣಿನ ಅಂಚಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ನಮ್ಮಲ್ಲಿ ಹೆದರುತ್ತಾರೆ. ಆ ಮಾತು ಕೇಳಿಯೇ ನಾವು ಮೂರು ತಿಂಗಳು ಕಳೆದುಕೊಂಡೆವು.

ಅದರ ಹೆಸರು ಮಾರ್ಜೊಲಿನ್ ಹುಣ್ಣು. ಹಳೆಯ ಗಾಯದ ಕಲೆಗಳಲ್ಲಿ ಏಳುವ ಇಂಥ ಹುಣ್ಣನ್ನು 1828ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯರ ಹೆಸರು ಅದು. ಸುಟ್ಟ ಕಲೆ ಹತ್ತಾರು ವರ್ಷ ಸುಮ್ಮನಿದ್ದು ನಂತರ ಸ್ಕ್ವೇಮಸ್ ಸೆಲ್ ಎಂಬ ಕ್ಯಾನ್ಸರ್ ಆಗಬಹುದು. ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಅದರ ಶಾಖ ತಾಗುವ ತೊಡೆ, ಹೊಟ್ಟೆಯಲ್ಲಿ ಬರುವುದೂ ಇದೇ ಜಾತಿಯದು.

ಬಿಳಿಯರಲ್ಲಿ ಹೆಚ್ಚಾಗಿ ಕಾಣುವುದು ಬೇಸಲ್ ಸೆಲ್ ಎಂಬುದು. ಬಿಸಿಲಿಗೆ ಒಡ್ಡಿದ ಮುಖದಲ್ಲಿ ಬರುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಕ್ಕೆ ಹರಡುವುದು ಬಹಳ ಅಪರೂಪ. ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಮೆಲನೋಮ ಕಡಿಮೆ ಬಂದರೂ ಅಪಾಯ ಹೆಚ್ಚು. ಕಪ್ಪು ಚರ್ಮದವರಿಗೆ ಇದು ಬರುವುದಿಲ್ಲ ಎಂದು ನಾನೂ ನಂಬಿದ್ದೆ. ಬರುತ್ತದೆ. ನಮ್ಮಂಥವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಗಾಯಕ ಬಾಬ್ ಮಾರ್ಲಿ ಕಾಲ್ಬೆರಳಿನ ಉಗುರಿನಡಿಯ ಮೆಲನೋಮದಿಂದ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಮೊದಲು ಅದನ್ನು ಚೆಂಡಾಟದ ಪೆಟ್ಟು ಅಂದುಕೊಂಡಿದ್ದರಂತೆ. ಬರಿಗಾಲಲ್ಲಿ ಗದ್ದೆಗಿಳಿಯುವ ನಾವು ಮುಳ್ಳು ಚುಚ್ಚಿದ ಕಲೆ ಅಂದುಕೊಳ್ಳುತ್ತೇವೆ. ಅಂಗಾಲು ನೋಡಿಕೊಳ್ಳುವವರು ಯಾರು ಹೇಳಿ?

ಹರಡಿದ ಮೆಲನೋಮಕ್ಕೆ ಈಗ ಇಮ್ಯುನೊಥೆರಪಿ ಇದೆ. ಕ್ಯಾನ್ಸರ್ ನಮ್ಮ ರಕ್ಷಣಾ ಕಣಗಳಿಗೆ ಹಾಕಿಸಿದ ಬ್ರೇಕನ್ನು ಔಷಧಿ ಬಿಡಿಸುತ್ತದೆ. ಇದಕ್ಕೆ ಆಧಾರವಾದ ಸಂಶೋಧನೆಗೆ 2018ರಲ್ಲಿ ಆಲಿಸನ್ ಮತ್ತು ಹೊಂಜೊ ಅವರಿಗೆ ನೊಬೆಲ್ ಬಂತು. ಆದರೆ ಬೆಲೆ ವಿಪರೀತ. ಬೇಗ ಬಂದವರಿಗೆ ಅದು ಬೇಕಾಗುವುದೇ ಕಡಿಮೆ.

ಅಪ್ಪನಿಗೆ ಮೊದಲ ಎರಡು ತಿಂಗಳಲ್ಲೇ ಹೋಗಿದ್ದರೆ ಹುಣ್ಣನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದೊಂದಿಗೆ ತೆಗೆದು ತೊಡೆಯ ಚರ್ಮ ಕಸಿ ಮಾಡಿದರೆ ಸಾಕಿತ್ತೇನೋ. ನಾವು ಹೋಗುವ ಹೊತ್ತಿಗೆ ಮೂಳೆ ಮುಟ್ಟಿತ್ತು. ಮೊಣಕಾಲಿನ ಕೆಳಗೆ ತೆಗೆದರು. ತೊಡೆಸಂದಿಯ ಗಂಟುಗಳಿಗೆ ಹರಡಿರಲಿಲ್ಲ, ಅದೇ ಪುಣ್ಯ.

ಒಂದು ತಿಂಗಳಾದರೂ ಆರದ ಹುಣ್ಣು, ಹಳೆಯ ಸುಟ್ಟ ಕಲೆ ಒಡೆಯುವುದು, ಅಂಗಾಲಲ್ಲಿ ಬೆಳೆಯುವ ಕಪ್ಪು ಮಚ್ಚೆ, ಇವನ್ನು ಡಾಕ್ಟರಿಗೆ ತೋರಿಸಿ, ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಆಸ್ಪತ್ರೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ.

ಅಪ್ಪ ಊಟದ ಸಾಲಿನಲ್ಲಿ ಸಿಗುತ್ತಾರೆ. ಕೇಳಿದರೆ ಜೈಪುರ ಕಾಲು ಬಿಚ್ಚಿ ತೋರಿಸುತ್ತಾರೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.