ವಕಾಲತ್ತಿಗೆ ಸಹಿ ಹಾಕಿದವಳು ಯಾರು?

(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಮಹಿಳಾ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ಕಿರುಕುಳದ ಬಗ್ಗೆ, ಹೊಡೆತ ಬಡಿತದ ಬಗ್ಗೆ ನಾವು ಇಲ್ಲಿ ಬಹಳ ಸಲ ಮಾತಾಡಿದ್ದೇವೆ. ಕಾನೂನು ನಮಗೆ ಏನು ಕೊಟ್ಟಿದೆ ಎನ್ನುವುದೂ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಆ ಕಾನೂನು ನಮ್ಮ ಕೈಗೆ ಸಿಗುವುದು ಸಾಮಾನ್ಯವಾಗಿ ಒಬ್ಬ ವಕೀಲರ ಮೂಲಕ. ಇವತ್ತಿನ ಮಾತು ಅವರ ಬಗ್ಗೆ, ಅವರ ಜೊತೆ ನಾವು ನಡೆದುಕೊಳ್ಳುವ ರೀತಿಯ ಬಗ್ಗೆ.

ಈ ಮೂರೂ ಊರುಗಳ ಕಡೆಯ ಹೆಣ್ಣುಮಕ್ಕಳ ಜೊತೆ ಕೋರ್ಟಿಗೆ ಹೋಗಿಬರುವ ಕೆಲಸ ನನ್ನದು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಅಕ್ಕಾ, ಒಳ್ಳೇ ಲಾಯರ್ ಯಾರಿದ್ದಾರೆ ಹೇಳಿ." ನಾನು ಹೆಸರು ಹೇಳುವುದಿಲ್ಲ. ಯಾಕೆಂದರೆ ಒಬ್ಬರೇ ವಕೀಲರ ಹತ್ತಿರ ಹೋದ ಇಬ್ಬರು ಹೆಂಗಸರು ನನಗೆ ಗೊತ್ತು. ಒಬ್ಬಳು "ದೇವರಂಥ ಮನುಷ್ಯ" ಅಂತಾಳೆ. ಇನ್ನೊಬ್ಬಳು "ನನ್ನ ಕುತ್ತಿಗೆ ಕೊಯ್ದ" ಅಂತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು?

ಮೊದಲನೆಯವಳು ಕಡೂರು ಕಡೆಯವಳು. ವಕೀಲರ ಮುಂದೆ ತಾನೇ ಕೂತು ಮಾತಾಡಿದಳು. ನಾಚಿಕೆಯ ಸಂಗತಿಯನ್ನೂ ಬಿಡದೆ ಹೇಳಿದಳು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅರ್ಜಿ ಹಾಕಿಸಿ, ಖರ್ಚಿಗೆ ಹಣವನ್ನೂ ಇರಲು ಮನೆಯನ್ನೂ ಕೇಳಿದಳು. ಅರ್ಜಿಯನ್ನು ವಕೀಲರು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಮಾಡಿದಳು.

ಎರಡನೆಯವಳು ಅಜ್ಜಂಪುರದ ಕಡೆಯವಳು. ಅವಳ ಪರವಾಗಿ ಮಾತಾಡಿದ್ದು ಅಣ್ಣ, ಫೀಸು ಕೊಟ್ಟಿದ್ದೂ ಅಣ್ಣ. ಮದುವೆಯಲ್ಲಿ ಕೊಟ್ಟ ಹಣ, ಒಡವೆ ವಾಪಸ್ಸು ಬಂದು ಸಂಬಂಧ ಕಡಿದುಹೋದರೆ ಸಾಕು ಅಂತ ಅಣ್ಣನಿಗೆ. ಎರಡು ಮಕ್ಕಳಿಗೆ ತಿಂಗಳ ಖರ್ಚು ಸಿಗಬೇಕು ಅಂತ ಅವಳಿಗೆ. ಅವಳನ್ನು ಯಾರೂ ಕೇಳಲಿಲ್ಲ. ತೋರಿಸಿದ ಕಡೆ ಸಹಿ ಹಾಕಿದಳು. ಅದು ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವ ಅರ್ಜಿ, ಜೀವನಾಂಶ ಕೇಳುವುದಿಲ್ಲ ಎಂಬ ಮಾತೂ ಅದರಲ್ಲಿದೆ ಎಂದು ಅವಳಿಗೆ ಗೊತ್ತಾಗಿದ್ದು ತಿಂಗಳುಗಳ ನಂತರ.

ಪುಣ್ಯಕ್ಕೆ ಇನ್ನೂ ತೀರ್ಪು ಆಗಿರಲಿಲ್ಲ. ನ್ಯಾಯಾಧೀಶರು ಕೇಳಿದಾಗ ಎದ್ದು ನಿಂತು "ನನಗೆ ಒಪ್ಪಿಗೆ ಇಲ್ಲ ಸ್ವಾಮಿ" ಅಂದಳು. ತೀರ್ಪಾಗುವ ತನಕ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಅಲ್ಲಿಗೇ ನಿಂತಿತು. ಆದರೆ ಅಣ್ಣ ಮಾತು ಬಿಟ್ಟ. ವಕೀಲರು "ನನ್ನ ಮಾನ ಕಳೆದೆ" ಅಂದರು. ತವರಿನ ಬಾಗಿಲಲ್ಲಿ ಇದ್ದುಕೊಂಡೇ ತವರಿನ ಸಿಟ್ಟು ಉಣ್ಣುವುದು ಎಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದ ನಾವು ತಿಳಿಯಬೇಕಾದ್ದು ಒಂದೇ. ದುಡ್ಡು ಕೊಟ್ಟವರ, ಎದುರಿಗೆ ಕೂತು ಮಾತಾಡಿದವರ ಮಾತನ್ನೇ ವಕೀಲರು ಕೇಳಿಬಿಡುತ್ತಾರೆ. ಅಪ್ಪ, ಅಣ್ಣ, ಮಾವ, ಊರಿನ ಹಿರಿಯರು ಕಕ್ಷಿದಾರರಾಗಿಬಿಡುತ್ತಾರೆ. ಕಾನೂನಿನ ಪ್ರಕಾರ ಹಾಗಲ್ಲ. ವಕಾಲತ್ತಿಗೆ ಸಹಿ ಹಾಕಿದವಳೇ ಕಕ್ಷಿದಾರಳು. ವಕೀಲರು ಉತ್ತರ ಕೊಡಬೇಕಾದ್ದು ಅವಳಿಗೆ. ಅಣ್ಣ ಜೊತೆಗೆ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಸಲವಾದರೂ ವಕೀಲರ ಹತ್ತಿರ ಅವಳು ಒಬ್ಬಳೇ ಕೂತು "ನನಗೆ ಬೇಕಾದ್ದು ಇದು" ಎಂದು ಹೇಳಲೇಬೇಕು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಕೊಡಬಾರದು. ಆರು ತಿಂಗಳು ಟೈಮ್ ಇದೆ, ಆಮೇಲೆ ನೋಡೋಣ ಎಂದೂ ಸುಮ್ಮನಿರಬಾರದು. ಸರಿಯಾದ ಕಾರಣ ಇದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಫೀಸು ಕೊಡಲು ಗತಿಯಿಲ್ಲ ಅನ್ನುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಹೆಣ್ಣಿಗೂ ಉಚಿತ ವಕೀಲರು ಸಿಗಬೇಕು. ಜಾತಿ ಕೇಳುವಂತಿಲ್ಲ, ಆದಾಯದ ಮಿತಿ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಇಲ್ಲೂ ಎರಡು ಥರದ ಅನುಭವ ಇದೆ. ತರೀಕೆರೆ ಕಡೆಯ ಒಬ್ಬ ತಂಗಿಗೆ ಹೀಗೆ ಸಿಕ್ಕ ಮೊದಲ ವಕೀಲರು ಎರಡು ವಾಯಿದೆಗೆ ಬರಲೇ ಇಲ್ಲ. "ಪುಕ್ಕಟೆ ಸಿಕ್ಕಿದ್ದು ಇಷ್ಟೇ" ಅಂತ ಅವಳು ಕೈಬಿಡುವುದರಲ್ಲಿದ್ದಳು. ಬರವಣಿಗೆಯಲ್ಲಿ ಕೇಳಿಕೊಂಡ ಮೇಲೆ ಬೇರೆ ವಕೀಲರನ್ನು ಕೊಟ್ಟರು. ಆಕೆ ಮನಸ್ಸಿಟ್ಟು ನಡೆಸಿದರು. ಉಚಿತ ವಕೀಲರು ನಮ್ಮ ಹಕ್ಕು. ಅವರು ಹಣ ಕೇಳಿದರೆ ಸಮಿತಿಗೆ ದೂರು ಕೊಡಬೇಕು.

ಇನ್ನು ದೌರ್ಜನ್ಯ ತಡೆ ಕಾಯ್ದೆಯ ಅರ್ಜಿಗೆ ವಕೀಲರೇ ಆಗಬೇಕೆಂದಿಲ್ಲ. ಸಂರಕ್ಷಣಾಧಿಕಾರಿಯ ಮೂಲಕವೂ ಕೊಡಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಹೊಣೆ ಇದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಗಂಡನ ಊರು ದೂರ ಇದ್ದರೂ, ತವರಿಗೆ ಬಂದು ಉಳಿದ ಜಾಗದಲ್ಲೇ ಅರ್ಜಿ ಹಾಕಬಹುದು. ಆದೇಶದ ನಕಲನ್ನು ಕೋರ್ಟು ಉಚಿತವಾಗಿ ಕೊಡಬೇಕು.

ವಾಯಿದೆಯ ಸಂಕಟ ನಿಮಗೆ ಗೊತ್ತಿರುವುದೇ. ಶಿವನಿ ಕಡೆಯ ಹಳ್ಳಿಯಿಂದ ಬರುವವಳಿಗೆ ಒಂದು ವಾಯಿದೆ ಅಂದರೆ ಒಂದು ದಿನದ ಕೂಲಿ, ಮೇಲೆ ಬಸ್ಸಿನ ಖರ್ಚು. ಸಂಜೆ "ಮುಂದಕ್ಕೆ ಹೋಯಿತು" ಅಂದರೆ ಹೊಟ್ಟೆ ಉರಿಯುತ್ತದೆ. ಆದರೆ ಪ್ರತಿ ಸಲವೂ ತಪ್ಪು ವಕೀಲರದಲ್ಲ. ಗಂಡನಿಗೆ ಸಮನ್ಸ್ ಮುಟ್ಟಿರುವುದಿಲ್ಲ, ನ್ಯಾಯಾಧೀಶರು ರಜೆಯಲ್ಲಿರುತ್ತಾರೆ, ಎದುರು ಪಕ್ಷದವರು ತಕರಾರು ಸಲ್ಲಿಸಲು ಸಮಯ ಕೇಳಿರುತ್ತಾರೆ. ಕಾರಣ ಕೇಳಿ ತಿಳಿದುಕೊಳ್ಳಿ. ಪ್ರತಿ ಕೇಸಿಗೂ ಸಿಎನ್‌ಆರ್ ಎಂದು ಹದಿನಾರು ಅಕ್ಷರ, ಅಂಕಿಗಳ ಒಂದು ಗುರುತು ಇರುತ್ತದೆ. ಅದನ್ನು ವಕೀಲರಿಂದ ಬರೆಸಿಕೊಂಡರೆ, ಹಿಂದಿನ ವಾಯಿದೆಗೆ ಏನಾಯಿತು, ಮುಂದಿನದು ಯಾವತ್ತು ಎಂದು ಓದುವ ಮಕ್ಕಳು ಇ-ಕೋರ್ಟ್ಸ್‌ನಲ್ಲಿ ಮೊಬೈಲಿನಲ್ಲೇ ನೋಡಿ ಹೇಳುತ್ತಾರೆ.

ವಕೀಲರಿಗೂ ನಮ್ಮ ಮೇಲೆ ದೂರು ಇದೆ, ಅದನ್ನೂ ಕೇಳಬೇಕು. ನಾವು ಮುಚ್ಚಿಡುತ್ತೇವೆ ಅನ್ನುತ್ತಾರೆ. ನಾವು ಮುಚ್ಚಿಟ್ಟಿದ್ದನ್ನು ಎದುರು ವಕೀಲರು ತುಂಬಿದ ಕೋರ್ಟಿನಲ್ಲಿ ತೆಗೆದಿಡುತ್ತಾರೆ. ಕೊಡದ ಒಡವೆಯನ್ನು ಪಟ್ಟಿಗೆ ಸೇರಿಸಿದರೆ ಕೊಟ್ಟ ಒಡವೆಯೂ ಸುಳ್ಳಾಗುತ್ತದೆ. ಕಾಗದಪತ್ರ ತರುವುದಿಲ್ಲ ಎನ್ನುವುದು ಇನ್ನೊಂದು ದೂರು. ತೆಂಗು, ಅಡಿಕೆ ತೋಟ ಇದ್ದವನೂ ಕೋರ್ಟಿನಲ್ಲಿ "ನನಗೆ ವರಮಾನ ಇಲ್ಲ" ಅನ್ನುತ್ತಾನೆ. ಪಹಣಿಯ ನಕಲು ತೆಗೆಸಿ ಕೊಡಿ. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಆ ಪ್ರಮಾಣಪತ್ರ ಅವರು ಕೊಟ್ಟರಾ ಸಾರ್?" ಎಂದು ಕೇಳುವುದು ಅಧಿಕಪ್ರಸಂಗ ಅಲ್ಲ.

ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ. ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವಂತಿಲ್ಲ, ವಕೀಲರ ಪರಿಷತ್ತಿನ ನಿಯಮವೇ ಬೇಡ ಅನ್ನುತ್ತದೆ. ಫೀಸು ಬಾಕಿ ಇದೆ ಎಂದು ಕಡತವನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ, 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನಿಜವಾಗಿ ಮೋಸವಾದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಕೊನೆಯದಾಗಿ ನಮ್ಮ ಸಂಘಗಳ ಕೆಲಸ. ಐನೂರು ರೂಪಾಯಿ ಸಾಲಕ್ಕೆ ನಾವು ಲೆಡ್ಜರ್ ಬರೆಯುತ್ತೇವೆ, ವಾರವಾರ ಓದಿ ಹೇಳುತ್ತೇವೆ, ಸಹಿ ಹಾಕುತ್ತೇವೆ. ಸದಸ್ಯೆಯೊಬ್ಬಳ ಇಡೀ ಬದುಕು ಕೋರ್ಟಿನಲ್ಲಿದ್ದರೆ ಅದಕ್ಕೊಂದು ಪುಸ್ತಕ ಇಲ್ಲ. ಅವಳು ಒಪ್ಪಿದರೆ ಒಂದು ನೋಟ್‌ಬುಕ್ ಮಾಡಿ. ಕೇಸಿನ ನಂಬರು, ವಾಯಿದೆಯ ದಿನ, ಅವತ್ತು ಏನಾಯಿತು, ಎಷ್ಟು ಹಣ ಕೊಟ್ಟಳು – ಇಷ್ಟು ಸಾಕು. ಅವಳ ವಿಷಯವನ್ನು ಸಭೆಯಲ್ಲಿ ಚರ್ಚೆಗೆ ಎಳೆಯಬೇಡಿ, ರಾಜಿ ಪಂಚಾಯಿತಿ ಮಾಡಬೇಡಿ. ವಾಯಿದೆಯ ದಿನ ಒಬ್ಬರು ಜೊತೆಗೆ ಹೋಗಿ. ಜೊತೆಗೊಬ್ಬಳು ಇದ್ದರೆ ಅವಳಿಗೆ ಕೇಳುವ ಧೈರ್ಯ ಬರುತ್ತದೆ, ವಕೀಲರೂ ಸಮಾಧಾನದಿಂದ ಉತ್ತರ ಹೇಳುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಜ್ಜಂಪುರದ ಆ ತಂಗಿ ಈಗ ಬೇರೆ ವಕೀಲರ ಮೂಲಕ ಮಕ್ಕಳಿಗೂ ತನಗೂ ಜೀವನಾಂಶ ಕೇಳಿ ಅರ್ಜಿ ಹಾಕಿದ್ದಾಳೆ. ಈ ಸಲ ವಕೀಲರ ಫೀಸಿಗೆ ಅಣ್ಣನನ್ನು ಕೇಳಲಿಲ್ಲ, ಸಂಘದಿಂದ ಸಾಲ ತೆಗೆದಳು. ಮುಂದಿನ ವಾಯಿದೆಗೆ ಅವಳ ಜೊತೆ ಹೋಗುವವರು ಯಾರು ಎಂಬುದನ್ನು ಇವತ್ತೇ ತೀರ್ಮಾನಿಸಿ, ಆಮೇಲೆ ಸಭೆ ಮುಗಿಸೋಣ.