ಜೊಂಡಿಗೆ ಬಿಟ್ಟ ಜಾಗ

ಬೇಸಿಗೆಯಲ್ಲಿ ಬೆಂಗಳೂರಿನ ರಾಮಮೂರ್ತಿ ನಗರದಿಂದ ಕಲ್ಕೆರೆ ಕಡೆಗೆ ಹೊರಟವರಿಗೆ ನೀರಿನ ಟ್ಯಾಂಕರು ಎದುರಾಗದ ದಿನ ಅಪರೂಪ. ಇನ್ನಷ್ಟು ಮುಂದೆ ಹೋದರೆ ಕೆರೆಯೇ ಎದುರಾಗುತ್ತದೆ. ದೊಡ್ಡ ಕೆರೆಯ ಮಗ್ಗುಲಲ್ಲೇ ಕಾಸು ಕೊಟ್ಟು ನೀರು ತರಿಸುವ ಬಡಾವಣೆಗಳು! 2024ರ ಮಾರ್ಚ್‌ನಲ್ಲಂತೂ ಜಿಲ್ಲಾಡಳಿತವೇ ನಡುವೆ ಬಂದು, 5 ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ಗೊತ್ತುಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನೂರು ಕಿಲೋಮೀಟರ್ ಆಚೆಯಿಂದ ಎತ್ತಿ ತರುವ ಯೋಜನೆ ಅದು.

ಕಾವೇರಿ ಬರುವ ಮೊದಲು ಈ ಸೀಮೆ ಬದುಕಿದ್ದು ಕೆರೆಗಳ ಸರಪಣಿಯಿಂದ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ ಎಂದು ಒಂದರ ಕೋಡಿ ಇನ್ನೊಂದರ ಒಡಲು ತುಂಬುತ್ತ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಇಳಿಯುತ್ತದೆ. ಆ ಶೆಟ್ಟರು ವೀಳ್ಯದೆಲೆ ವ್ಯಾಪಾರಿ, ಬರಗಾಲದಲ್ಲಿ ತಮ್ಮ ಗಂಟು ಬಿಚ್ಚಿ ಕೆರೆ ಕಟ್ಟಿಸಿದರು ಎನ್ನುತ್ತಾರೆ. ಅಲ್ಲಿಂದ ಮುಂದೆ ನೀರು ದಕ್ಷಿಣ ಪಿನಾಕಿನಿಯ ಪಾಲು. ಬೆಂಗಳೂರು ತೊಳೆದುಬಿಟ್ಟ ಸೋಪಿನ ನೊರೆ ಗಡಿಯಾಚೆ, ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಟ್ಟದಂತೆ ಏಳುವುದು ಈ ನಂಟಿನಿಂದಲೇ.

ಕೆರೆ ಎಂದರೆ ತುಂಬಿದ ಬೋಗುಣಿಯಲ್ಲ. ಒಂದು ಕಡೆ ಏರಿ, ತೂಬು, ಆಳದ ನೀರು. ಇನ್ನೊಂದು ಕಡೆ, ಕಾಲುವೆ ಬಂದು ಬೀಳುವಲ್ಲಿ, ಮೊಣಕಾಲುದ್ದದ ನೀರು, ಕೆಸರು, ಜೊಂಡು. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ‘ಜೌಗು ಪ್ರದೇಶ’ ಎಂಬ ಹೆಸರು. ಕೇಳಿದರೇ ಒಂದು ಲೋಡು ಮಣ್ಣು ಸುರಿಸಿಬಿಡೋಣ ಅನ್ನಿಸುವಂಥ ಹೆಸರು!

ಕೆರೆಯ ನಿಜವಾದ ಕೆಲಸ ನಡೆಯುವುದು ಅಲ್ಲೇ. ಹರಿದು ಬಂದ ನೀರು ಜೊಂಡಿನ ದಂಟುಗಳ ನಡುವೆ ವೇಗ ಕಳೆದುಕೊಳ್ಳುತ್ತದೆ, ಹೂಳು ತಳ ಸೇರುತ್ತದೆ. ಬೇರುಗಳಿಗೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಇನ್ನೂ ಕೆಳಗೆ, ಗಾಳಿಯಾಡದ ಕಪ್ಪು ಕೆಸರಿನಲ್ಲಿ, ಬೇರೆ ಜಾತಿಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಭಾರತೀಯ ಮಾನದಂಡದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರು ಎಳೆಗೂಸುಗಳ ರಕ್ತ ಆಮ್ಲಜನಕ ಹೊರುವುದಕ್ಕೇ ತೊಡಕಾಗುತ್ತದೆ. ಒಳಚರಂಡಿ ಸೋರುವ ಕಡೆ ಬೋರ್‌ವೆಲ್ ನೀರು ಕುಡಿಯುವವರು ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇದೇ ಕಣಿವೆಯ ಮೇಲ್ದಂಡೆಯ ಜಕ್ಕೂರಿನಲ್ಲಿ ಜೊಂಡಿನ ಈ ಕೆಲಸವನ್ನು ಕಣ್ಣಾರೆ ನೋಡಬಹುದು. ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ನೇರ ಕೆರೆಗೆ ಹೋಗುವುದಿಲ್ಲ. ಮೊದಲು ಜೊಂಡಿನ ಮಡುವಿನಲ್ಲಿ ತಂಗಿ, ಉಳಿದ ಪೋಷಕಾಂಶಗಳನ್ನು ಅಲ್ಲಿ ಬಿಟ್ಟು, ಆಮೇಲೆ ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಏರ್ಪಾಡನ್ನು ಅಳೆದು ನೋಡಿ, ಮಾದರಿ ಎಂದು ಎತ್ತಿಹಿಡಿದಿದೆ.

ಉಳಿದ ಕಡೆ ಕೆರೆ ಅಭಿವೃದ್ಧಿ ಎಂದರೆ ಸಾಮಾನ್ಯವಾಗಿ ಸುತ್ತ ಕಲ್ಲು ಕಟ್ಟಿ, ಅಂಚನ್ನು ಕಡಿದಾಗಿ ಕೊರೆದು, ಮೇಲೆ ವಾಕಿಂಗ್ ಪಾತ್ ಹಾಕುವುದು. ನಡೆಯುವವರಿಗೆ ಅನುಕೂಲವೇ, ಸರಿ. ಆದರೆ ಇಳಿಜಾರು ಹೋದ ಮೇಲೆ ಜೊಂಡು ಬೇರೂರುವುದೆಲ್ಲಿ?

ತಗ್ಗು ಜಾಗ ಕಳೆದುಕೊಂಡ ನೀರು ಸುಮ್ಮನಿರುವುದೂ ಇಲ್ಲ. 2025ರ ಮೇ ತಿಂಗಳ ಮಳೆಗೆ ರಾಮಮೂರ್ತಿ ನಗರದ ಪಕ್ಕದ ಹೊರಮಾವಿನ ಸಾಯಿ ಲೇಔಟ್ ಮುಳುಗಿ, ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ರಾಜಕಾಲುವೆ ರೈಲು ಹಳಿಯ ಕೆಳಗೆ ಹಾಯುವ ಕಿಂಡಿ ಇಕ್ಕಟ್ಟು ಎಂಬುದು ಅಧಿಕಾರಿಗಳ ವಿವರಣೆ. ನಿಜವಿರಬಹುದು. ಆದರೆ ಕಿಂಡಿಗೆ ಬರುವ ಮುಂಚೆ ನೀರು ತಂಗಲು ಇದ್ದ ಜಾಗ ಏನಾಯಿತೆಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಕಾನೂನಿನ ಆಸರೆಯೂ ತೆಳು. 2017ರ ಕೇಂದ್ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಜನ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ತಮಾಷೆಯೆಂದರೆ, 2024ರ ಜನವರಿಯಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನ ಕಟ್ಟಿದ ಕೆರೆಗಳೇ. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವು ನಿಯಮ ಓದಿಲ್ಲ.

ರಾಮಮೂರ್ತಿ ನಗರ, ಕೌದೇನಹಳ್ಳಿ, ಕಲ್ಕೆರೆಯ ನಿವಾಸಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಕೆರೆಯ ನಕ್ಷೆ ಹಿಡಿದು ಎಂಜಿನಿಯರುಗಳು ಸಭೆ ಕರೆದಾಗ ದೀಪದ ಕಂಬ ಎಷ್ಟು, ಬೆಂಚು ಎಷ್ಟು ಎಂದು ಆಮೇಲೆ ಕೇಳಿ. ಕಾಲುವೆ ಬಂದು ಬೀಳುವ ಮೂಲೆಯಲ್ಲಿ ಜೊಂಡಿಗೆ ಎಷ್ಟು ಗುಂಟೆ ಬಿಟ್ಟಿದ್ದೀರಿ ಎಂದು ಮೊದಲು ಕೇಳಿ.