ಸೂರತ್ತಿನ ಪ್ಲೇಗ್ ಮತ್ತು ರೋಗಾಣು ಪತ್ತೆಯ ಹೊಸ ವಿಧಾನಗಳು

ವೈದ್ಯವಿಜ್ಞಾನದ ಪ್ರಗತಿಯನ್ನು ಸಾಮಾನ್ಯವಾಗಿ ಹೊಸ ಔಷಧಿಗಳಿಂದ ಅಳೆಯಲಾಗುತ್ತದೆ. ಆದರೆ ರೋಗವನ್ನು ಸಕಾಲದಲ್ಲಿ ಗುರುತಿಸದಿದ್ದಲ್ಲಿ ಅತ್ಯುತ್ತಮ ಔಷಧಿಯೂ ನಿಷ್ಪ್ರಯೋಜಕವಾಗುತ್ತದೆ. ಈ ಸತ್ಯವನ್ನು ನಮ್ಮ ದೇಶಕ್ಕೆ ಮನಗಾಣಿಸಿದ ಘಟನೆ 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಸಂಭವಿಸಿತು. ಅಂದು ಪ್ಲೇಗಿಗೆ ಔಷಧಿಯ ಕೊರತೆ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳು ದಶಕಗಳಿಂದ ಬಳಕೆಯಲ್ಲಿದ್ದವು. ಕೊರತೆಯಿದ್ದದ್ದು, ಬಂದಿರುವ ರೋಗ ಯಾವುದು ಎಂಬ ಪ್ರಶ್ನೆಗೆ ಶೀಘ್ರವಾದ, ನಿಸ್ಸಂದಿಗ್ಧವಾದ ಉತ್ತರದ್ದು.

ಪ್ಲೇಗ್ ಭಾರತಕ್ಕೆ, ಅದರಲ್ಲಿಯೂ ಕನ್ನಡ ನಾಡಿಗೆ, ಅಪರಿಚಿತ ರೋಗವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಹಾಮಾರಿ ಮುಂದಿನ ಕೆಲವು ದಶಕಗಳಲ್ಲಿ ದೇಶದ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1898ರಲ್ಲಿ ಅದು ಹುಬ್ಬಳ್ಳಿ ಮತ್ತು ಬೆಂಗಳೂರುಗಳನ್ನು ತಲುಪಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳುವುದು ಅಂದಿನ ಹಳ್ಳಿಗಳ ವಾಡಿಕೆಯಾಗಿತ್ತು. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದುದಕ್ಕೂ, ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಸ್ಥಾಪಿತವಾದುದಕ್ಕೂ ಪ್ಲೇಗಿನ ಹಿನ್ನೆಲೆ ಇದೆ. ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಅವರು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ನೀಡಲಾಯಿತು. ಕಾಲಕ್ರಮದಲ್ಲಿ ಕೀಟನಾಶಕಗಳು ಮತ್ತು ಪ್ರತಿಜೀವಕ ಔಷಧಿಗಳು ಬಂದ ಮೇಲೆ ರೋಗ ಹಿಮ್ಮೆಟ್ಟಿತು. 1966ರಲ್ಲಿ ಕೋಲಾರ ಜಿಲ್ಲೆಯಲ್ಲಿ ಕಂಡುಬಂದ ಪ್ರಕರಣದ ಅನಂತರ 28 ವರ್ಷಗಳ ಕಾಲ ದೇಶದಲ್ಲಿ ಪ್ರಯೋಗಾಲಯದಿಂದ ದೃಢಪಟ್ಟ ಮಾನವ ಪ್ಲೇಗ್ ವರದಿಯಾಗಲಿಲ್ಲ.

ಈ ದೀರ್ಘ ವಿರಾಮದ ಪರಿಣಾಮವಾಗಿ ಒಂದು ಇಡೀ ತಲೆಮಾರಿನ ವೈದ್ಯರಿಗೆ ಪ್ಲೇಗ್ ಕೇವಲ ಪಠ್ಯಪುಸ್ತಕದ ರೋಗವಾಯಿತು. ರೋಗಾಣುವನ್ನು ಬೆಳೆಸಿ ಗುರುತಿಸುವ ಅನುಭವ ಬೆರಳೆಣಿಕೆಯ ಪ್ರಯೋಗಾಲಯಗಳಿಗೆ ಸೀಮಿತವಾಯಿತು. ಆದರೆ ರೋಗಾಣು ಅಳಿದಿರಲಿಲ್ಲ. ಅದು ಮೂಲತಃ ಕಾಡು ಮತ್ತು ಹೊಲಗಳ ಇಲಿಗಳನ್ನು ಹಾಗೂ ಅವುಗಳ ಮೈಮೇಲಿನ ಚಿಗಟಗಳನ್ನು ಆಶ್ರಯಿಸಿ ಬದುಕುವ ಜೀವಿ. ಮನುಷ್ಯನಲ್ಲಿ ರೋಗ ಕಾಣದಿದ್ದ ಮಾತ್ರಕ್ಕೆ ಅದು ನಿರ್ಮೂಲವಾಯಿತೆಂದು ಭಾವಿಸುವಂತಿಲ್ಲ.

1994ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಇಲಿಗಳು ಸಾಯುತ್ತಿರುವುದೂ ಚಿಗಟಗಳ ಕಾಟ ಹೆಚ್ಚಿರುವುದೂ ಗಮನಕ್ಕೆ ಬಂತು. ತೊಡೆಸಂದು, ಕಂಕುಳುಗಳಲ್ಲಿ ಗಡ್ಡೆ ಮೂಡುವ ಗಡ್ಡೆ ಪ್ಲೇಗಿನ ಶಂಕಿತ ಪ್ರಕರಣಗಳು ಅಲ್ಲಿ ಕಾಣಿಸಿಕೊಂಡವು. ಹಿಂದಿನ ವರ್ಷ ಸೆಪ್ಟೆಂಬರ್ 30ರಂದು ಸಂಭವಿಸಿದ ಲಾತೂರಿನ ಭೂಕಂಪದ ತರುವಾಯ ಜನ ತೊರೆದ ಮನೆಗಳಲ್ಲಿ ಉಳಿದ ಧಾನ್ಯ ಇಲಿಗಳ ಸಂಖ್ಯೆಯನ್ನು ಹೆಚ್ಚಿಸಿರಬಹುದೆಂದು ತಜ್ಞರು ಊಹಿಸಿದರು. ಸೆಪ್ಟೆಂಬರಿನ ಮೂರನೆಯ ವಾರದಲ್ಲಿ, ತಾಪಿ ನದಿಯ ಪ್ರವಾಹ ಇಳಿದ ಸೂರತ್ತಿನಲ್ಲಿ, ಇದಕ್ಕಿಂತ ಭೀಕರವಾದ ಶ್ವಾಸಕೋಶದ ಪ್ಲೇಗಿನ ಶಂಕೆ ಉಂಟಾಯಿತು. ತೀವ್ರ ಜ್ವರ, ಎದೆನೋವು, ಕಫದಲ್ಲಿ ರಕ್ತ ಇವುಗಳಿಂದ ನರಳುತ್ತ ಬಂದ ರೋಗಿಗಳಲ್ಲಿ ಹಲವರು ಆಸ್ಪತ್ರೆ ಸೇರಿದ ಸ್ವಲ್ಪ ಕಾಲದಲ್ಲಿಯೇ ಮೃತರಾದರು.

ಸುದ್ದಿ ಹಬ್ಬಿದ ಒಡನೆ ಬಟ್ಟೆ ಗಿರಣಿಗಳಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳಲ್ಲಿ ದುಡಿಯಲು ದೂರದ ಊರುಗಳಿಂದ ಬಂದಿದ್ದ ಕಾರ್ಮಿಕರು ರೈಲು, ಬಸ್ಸು ಹಿಡಿದು ಹೊರಟರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನಗರ ಬಿಟ್ಟರು. ಹಲವು ಖಾಸಗಿ ಚಿಕಿತ್ಸಾಲಯಗಳು ಬಾಗಿಲು ಮುಚ್ಚಿದವು. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖರ್ಚಾಗಿಹೋಯಿತು. ದೆಹಲಿ, ಕರ್ನಾಟಕ ಮುಂತಾದೆಡೆಗಳಿಂದಲೂ ಶಂಕಿತ ಪ್ರಕರಣಗಳು ವರದಿಯಾದವು. ಕೆಲವು ದೇಶಗಳು ಭಾರತಕ್ಕೆ ವಿಮಾನ ಸಂಚಾರವನ್ನೇ ನಿಲ್ಲಿಸಿದವು. ದೇಶದಾದ್ಯಂತ ಐವತ್ತಕ್ಕೂ ಹೆಚ್ಚು ಸಾವುಗಳನ್ನು ಈ ರೋಗಕ್ಕೆ ಸಂಬಂಧಿಸಿದವೆಂದು ಲೆಕ್ಕ ಹಾಕಲಾಯಿತು. ಆದರೆ ಇದು ನಿಜವಾಗಿ ಪ್ಲೇಗೇ ಎಂಬ ವಿವಾದ ತಿಂಗಳುಗಟ್ಟಲೆ ನಡೆಯಿತು. ನೀರು, ಮಣ್ಣುಗಳ ಮೂಲಕ ಬರುವ ಮೆಲಿಯಾಯಿಡೋಸಿಸ್ ಇರಬಹುದೆಂದು ಕೆಲವರು, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅಥವಾ ಹಂಟಾ ವೈರಾಣು ಇರಬಹುದೆಂದು ಮತ್ತೆ ಕೆಲವರು ವಾದಿಸಿದರು.

ಈ ಸಂದೇಹಕ್ಕೆ ವೈಜ್ಞಾನಿಕ ಕಾರಣಗಳಿದ್ದವು. ಪ್ಲೇಗನ್ನು ದೃಢಪಡಿಸುವ ಸಾಂಪ್ರದಾಯಿಕ ವಿಧಾನವೆಂದರೆ ರೋಗಿಯ ರಕ್ತ, ಕಫ ಅಥವಾ ಗಡ್ಡೆಯ ದ್ರವದಿಂದ ಯೆರ್ಸಿನಿಯಾ ಪೆಸ್ಟಿಸ್ ಎಂಬ ರೋಗಾಣುವನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸುವುದು. ಈ ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಫಲಿತಾಂಶಕ್ಕೆ ಹಲವು ದಿನಗಳು ಬೇಕು. ರೋಗಿಯು ಅದಕ್ಕೆ ಮೊದಲೇ ಟೆಟ್ರಾಸೈಕ್ಲಿನ್ ಸೇವಿಸಿದ್ದರೆ ರೋಗಾಣು ಬೆಳೆಯದೇ ಹೋಗಬಹುದು. ಸೂರತ್ತಿನಲ್ಲಿ ರೋಗವಿಲ್ಲದವರೂ ಅದನ್ನು ನುಂಗಿದ್ದರು. ಎರಡನೆಯ ವಿಧಾನ, ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವುದು. ಆದರೆ ಪ್ರತಿಕಾಯಗಳು ಮೂಡಲು ದಿನಗಳು ಬೇಕು. ಒಂದೇ ಬಾರಿ ತೆಗೆದ ರಕ್ತದ ಪರೀಕ್ಷೆ ನಿರ್ಣಾಯಕವಲ್ಲ. ಕೆಲವು ವಾರಗಳ ಅಂತರದಲ್ಲಿ ತೆಗೆದ ಎರಡನೆಯ ಮಾದರಿಯಲ್ಲಿ ಅವುಗಳ ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಮಾತ್ರ ರೋಗ ಖಚಿತವೆನ್ನಬಹುದು. ಊರು ಬಿಟ್ಟು ಹೋದ ಕಾರ್ಮಿಕನಿಂದ ಎರಡನೆಯ ಮಾದರಿಯನ್ನು ಪಡೆಯುವುದು ಹೇಗೆ?

ಶ್ವಾಸಕೋಶದ ಪ್ಲೇಗಿನಲ್ಲಿ ಕಾಯಲು ಕಾಲವಿಲ್ಲ. ಸೋಂಕು ತಗುಲಿದ ಒಂದರಿಂದ ಮೂರು ದಿನಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಲಕ್ಷಣಗಳು ಆರಂಭವಾದ 24 ಗಂಟೆಗಳ ಒಳಗೆ ಸೂಕ್ತ ಪ್ರತಿಜೀವಕ ದೊರೆಯದಿದ್ದಲ್ಲಿ ಬದುಕುವ ಆಸೆ ಕ್ಷೀಣ. ಈ ಕಾರಣದಿಂದಲೇ ಅಂದು ವೈದ್ಯರು ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ಶಂಕೆಯ ಮೇಲೆಯೇ ಚಿಕಿತ್ಸೆ ಆರಂಭಿಸಿದರು. ಅದು ಸರಿಯಾದ ಕ್ರಮವಾಗಿತ್ತು. ಆದರೆ ಖಚಿತ ಉತ್ತರವಿಲ್ಲದಿದ್ದುದರಿಂದ ಯಾರನ್ನು ಪ್ರತ್ಯೇಕಿಸಬೇಕು, ಯಾರಿಗೆ ಮುಂಜಾಗ್ರತೆಯ ಔಷಧಿ ನೀಡಬೇಕು, ಯಾರು ನಿರ್ಭಯವಾಗಿ ಮನೆಗೆ ಹೋಗಬಹುದು ಎಂಬುದನ್ನು ಜನತೆಗೆ ತಿಳಿಯಪಡಿಸುವುದು ಅಸಾಧ್ಯವಾಯಿತು. ಅನಿಶ್ಚಯತೆ ಇದ್ದೆಡೆ ವದಂತಿ ಬೆಳೆಯಿತು.

ವಿವಾದವನ್ನು ಕೊನೆಗಾಣಿಸಿದ್ದು ಆಣ್ವಿಕ ಜೀವವಿಜ್ಞಾನ. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ, ಅಖಿಲ ಭಾರತ ವೈದ್ಯವಿಜ್ಞಾನಗಳ ಸಂಸ್ಥೆ ಹಾಗೂ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯಗಳ ವಿಜ್ಞಾನಿಗಳು ರೋಗಿಗಳಿಂದ ಮತ್ತು ಇಲಿಗಳಿಂದ ಪಡೆದ ರೋಗಾಣುಗಳನ್ನು ಪರಿಶೀಲಿಸಿದರು. ಪಿ.ಸಿ.ಆರ್. ಎಂದು ಹೆಸರಾದ ವಿಧಾನದಲ್ಲಿ ರೋಗಾಣುವಿನ ವಂಶವಾಹಿಯ ಒಂದು ತುಣುಕನ್ನು ಪ್ರಯೋಗಾಲಯದಲ್ಲಿ ಲಕ್ಷಾಂತರ ಪಟ್ಟು ಪ್ರತಿ ಮಾಡಿ ಗುರುತಿಸಬಹುದು. ಪ್ಲೇಗ್ ರೋಗಾಣುವಿನ ಹೊದಿಕೆಗೆ ಕಾರಣವಾದ ಎಫ್1 ವಂಶವಾಹಿ ಹಾಗೂ ಅದರ ಮಾರಕ ಶಕ್ತಿಗೆ ನೆರವಾಗುವ ಪಿ.ಎಲ್.ಎ. ವಂಶವಾಹಿಗಳನ್ನು ಸೂರತ್ ಮತ್ತು ಬೀಡಿನ ಮಾದರಿಗಳಲ್ಲಿ ಗುರುತಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಪ್ರೊಫೆಸರ್ ವಿ. ರಾಮಲಿಂಗಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ತಾಂತ್ರಿಕ ಸಲಹಾ ಸಮಿತಿಯೂ ಇದು ಪ್ಲೇಗೇ ಎಂಬ ನಿರ್ಣಯಕ್ಕೆ ಬಂದಿತ್ತು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ವಂಶವಾಹಿಯ ಅನುಕ್ರಮವನ್ನು ಓದಿ 2000ದಲ್ಲಿ ಅದೇ ಫಲಿತಾಂಶವನ್ನು ಮತ್ತೊಮ್ಮೆ ದೃಢಪಡಿಸಿದರು. ಉತ್ತರ ಖಚಿತವಾಗಿತ್ತು, ಆದರೆ ಸೂರತ್ತಿನ ರೋಗಿಗಳಿಗೆ ಅದು ತಡವಾಗಿತ್ತು.

ಅನಂತರದ ಸಂಶೋಧನೆಯ ಗುರಿ ಈ ವಿಳಂಬವನ್ನು ಕಡಿಮೆ ಮಾಡುವುದಾಗಿತ್ತು. ಮಡಗಾಸ್ಕರಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ರೋಗಾಣುವಿನ ಎಫ್1 ಹೊದಿಕೆಯ ಅಂಶವನ್ನು ನೇರವಾಗಿ ಪತ್ತೆಹಚ್ಚುವ ಕಾಗದದ ಪಟ್ಟಿಯಂತಹ ಸರಳ ಪರೀಕ್ಷೆಯೊಂದನ್ನು ರೂಪಿಸಿ 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಸುಮಾರು 15 ನಿಮಿಷಗಳಲ್ಲಿ ಇದು ಉತ್ತರ ನೀಡುತ್ತದೆ. ರೋಗಾಣುವಿನ ಸಂಪೂರ್ಣ ವಂಶವಾಹಿ ಅನುಕ್ರಮ 2001ರಲ್ಲಿ ಪ್ರಕಟವಾದ ಮೇಲೆ ಅದರ ಸ್ವಭಾವವೂ ಹೆಚ್ಚು ಸ್ಪಷ್ಟವಾಯಿತು. ಹೊಟ್ಟೆಯ ಸಾಮಾನ್ಯ ಬೇನೆಯನ್ನು ಉಂಟುಮಾಡುವ ಒಂದು ರೋಗಾಣುವಿನಿಂದ ಕವಲೊಡೆದ ಇದು, ಹೊರಗಿನಿಂದ ಕೆಲವು ವಂಶವಾಹಿಗಳನ್ನು ಪಡೆದುಕೊಂಡು, ಚಿಗಟದ ಕರುಳಿನಲ್ಲಿ ಬದುಕುವ ಸಾಮರ್ಥ್ಯ ಗಳಿಸಿತು. ಚಿಗಟದ ಅನ್ನನಾಳವನ್ನು ಅದು ಮುಚ್ಚಿಬಿಡುವುದರಿಂದ, ಹಸಿದ ಚಿಗಟ ಮತ್ತೆ ಮತ್ತೆ ಕಚ್ಚಿ ರೋಗವನ್ನು ಹರಡುತ್ತದೆ.

ಚಿಕಿತ್ಸೆಯ ಕ್ಷೇತ್ರದಲ್ಲಿಯೂ ಮುನ್ನಡೆ ಆಗಿದೆ. ಮನುಷ್ಯರಿಗೆ ಉದ್ದೇಶಪೂರ್ವಕವಾಗಿ ಪ್ಲೇಗ್ ತಗುಲಿಸಿ ಔಷಧಿಯನ್ನು ಪರೀಕ್ಷಿಸುವುದು ನೀತಿಬಾಹಿರ. ಆದ್ದರಿಂದ ಅಮೆರಿಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಆಧರಿಸಿ 2012ರಲ್ಲಿ ಲೆವೊಫ್ಲಾಕ್ಸಾಸಿನ್ ಔಷಧಿಗೆ ಪ್ಲೇಗಿನ ಚಿಕಿತ್ಸೆಗಾಗಿ ಅನುಮತಿ ನೀಡಲಾಯಿತು. ಮಡಗಾಸ್ಕರಿನಲ್ಲಿ ಗಡ್ಡೆ ಪ್ಲೇಗಿನ ರೋಗಿಗಳ ಮೇಲೆ ನಡೆದ ಚಿಕಿತ್ಸಾ ಪರೀಕ್ಷೆಯೊಂದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಬಾಯಿಯಿಂದ ಹತ್ತು ದಿನ ಸೇವಿಸುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯು, ಮೊದಲು ಚುಚ್ಚುಮದ್ದು ನೀಡಿ ಬಳಿಕ ಮಾತ್ರೆ ಕೊಡುವ ಕ್ರಮಕ್ಕಿಂತ ಕಡಿಮೆಯದಲ್ಲವೆಂದು ಅದು ತೋರಿಸಿತು. ಚುಚ್ಚುಮದ್ದು ನೀಡಲು ಸಿಬ್ಬಂದಿಯಿಲ್ಲದ ದೂರದ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ಆದಾಗ್ಯೂ ಎಚ್ಚರ ಅಗತ್ಯ. ಹಲವು ಔಷಧಿಗಳಿಗೆ ಬಗ್ಗದ ಪ್ಲೇಗ್ ರೋಗಾಣುವೊಂದು 1995ರಲ್ಲಿಯೇ ಮಡಗಾಸ್ಕರಿನ ರೋಗಿಯೊಬ್ಬನಲ್ಲಿ ಕಂಡುಬಂದಿತ್ತು. ವದಂತಿಗೆ ಹೆದರಿ ಅನಗತ್ಯವಾಗಿ ಪ್ರತಿಜೀವಕ ಸೇವಿಸುವುದು ಅಪಾಯಕಾರಿ ಎಂಬುದಕ್ಕೆ ಇದೂ ಒಂದು ಕಾರಣ. ಹೊಸ ಲಸಿಕೆಗಳ ಬಗ್ಗೆ ಸಂಶೋಧನೆ ನಡೆದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿ ಸ್ವಯಂಸೇವಕರ ಮೇಲೆ ಒಂದು ಲಸಿಕೆಯ ಪ್ರಥಮ ಹಂತದ ಪರೀಕ್ಷೆಯನ್ನು ಆರಂಭಿಸಿತು.

ಸೂರತ್ತಿನ ಪಾಠದಿಂದ ನಮ್ಮ ದೇಶ ಪಡೆದ ಪ್ರಯೋಜನ 2002ರಲ್ಲಿ ಗೋಚರಿಸಿತು. ಆ ವರ್ಷ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಶಿಮ್ಲಾ ಜಿಲ್ಲೆಯಲ್ಲಿ, ಬೇಟೆಯಾಡಿ ಕಾಡುಬೆಕ್ಕಿನ ಚರ್ಮ ಸುಲಿದ ವ್ಯಕ್ತಿಯೊಬ್ಬನಿಂದ ಶ್ವಾಸಕೋಶದ ಪ್ಲೇಗ್ ಹರಡಿತು. 16 ಜನರಿಗೆ ರೋಗ ತಗುಲಿ ನಾಲ್ವರು ಮೃತಪಟ್ಟರು. ರೋಗಾಣುವನ್ನು ಬೆಳೆಸಿ, ವಂಶವಾಹಿ ಪರೀಕ್ಷೆಯಿಂದ ದೃಢಪಡಿಸಿ, ಸಂಪರ್ಕಕ್ಕೆ ಬಂದವರೆಲ್ಲರಿಗೆ ಮುಂಜಾಗ್ರತೆಯ ಔಷಧಿ ನೀಡಿದುದರಿಂದ ರೋಗ ಅಲ್ಲಿಗೇ ನಿಂತಿತು. ಸೂರತ್ತಿನಂತಹ ವಲಸೆ ಉಂಟಾಗಲಿಲ್ಲ. 2004ರಲ್ಲಿ ದೇಶದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. 1994ರಲ್ಲಿ ದೆಹಲಿ, ಗ್ವಾಲಿಯರಿನ ಪ್ರಯೋಗಾಲಯಗಳತ್ತ ನೋಡಬೇಕಾಗಿದ್ದ ಗುಜರಾತಿನಲ್ಲಿಯೇ, ಗಾಂಧಿನಗರದ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರವು 2020ರಲ್ಲಿ ಕೋವಿಡ್ ವೈರಾಣುವಿನ ವಂಶವಾಹಿ ಅನುಕ್ರಮವನ್ನು ಓದಿತು.

ಪ್ಲೇಗಿನ ಕಣ್ಗಾವಲಿನಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಕೋಲಾರ ಪ್ರದೇಶದಲ್ಲಿ ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳು ಕೂಡುವ ಗಡಿಯ ಹೊಲಗಳಲ್ಲಿ ಬಿಲ ತೋಡಿ ಬಾಳುವ ಕಾಡಿಲಿಗಳು ರೋಗಾಣುವಿನ ಸಹಜ ನೆಲೆಯೆಂದು ಹಿಂದಿನಿಂದ ತಿಳಿದಿದೆ. ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವು ಬೆಂಗಳೂರಿನಲ್ಲಿದೆ. ಅಲ್ಲಿನ ಸಿಬ್ಬಂದಿ ಹಳ್ಳಿಗಳಲ್ಲಿ ಬೋನಿಟ್ಟು ಇಲಿಗಳನ್ನು ಹಿಡಿದು, ಚಿಗಟಗಳನ್ನು ಎಣಿಸಿ, ಇಲಿ ಮತ್ತು ನಾಯಿಗಳ ರಕ್ತದಲ್ಲಿ ಪ್ರತಿಕಾಯಗಳಿಗಾಗಿ ಹುಡುಕುತ್ತಾರೆ. ನಾಯಿಗೆ ಪ್ಲೇಗಿನಿಂದ ಸಾಮಾನ್ಯವಾಗಿ ಹೆಚ್ಚು ತೊಂದರೆಯಾಗದು. ಆದರೆ ಸೋಂಕಿದ ಇಲಿಯನ್ನು ಅದು ತಿಂದಿದ್ದರೆ ಅದರ ರಕ್ತ ಸಾಕ್ಷಿ ನುಡಿಯುತ್ತದೆ. ಮನುಷ್ಯನಿಗೆ ರೋಗ ಬರುವ ಮೊದಲೇ ಎಚ್ಚರಿಕೆ ನೀಡುವ ಈ ಕೆಲಸ ಪ್ರಚಾರ ಪಡೆಯುವಂಥದಲ್ಲ. ರೋಗವಿಲ್ಲದ ವರ್ಷಗಳಲ್ಲಿಯೂ ಅದನ್ನು ಕೈಬಿಡಬಾರದೆಂಬುದೇ 28 ವರ್ಷಗಳ ಮೌನ ಕಲಿಸಿದ ಪಾಠ.

ಪ್ರಯೋಗಾಲಯವೊಂದರಿಂದಲೇ ನಗರದ ರಕ್ಷಣೆ ಸಾಧ್ಯವಿಲ್ಲವೆಂಬುದನ್ನೂ ಸೂರತ್ ತೋರಿಸಿಕೊಟ್ಟಿದೆ. 1995ರಲ್ಲಿ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರ ಕಾಲದಲ್ಲಿ ಕಸ ವಿಲೇವಾರಿ, ಚರಂಡಿ ಮತ್ತು ಕೊಳೆಗೇರಿಗಳ ನೈರ್ಮಲ್ಯಕ್ಕೆ ಆದ್ಯತೆ ದೊರೆಯಿತು. ಅಧಿಕಾರಿಗಳು ದಿನನಿತ್ಯ ಬೀದಿಗಿಳಿದು ಕೆಲಸದ ಉಸ್ತುವಾರಿ ವಹಿಸಿದರು. ಒಮ್ಮೆ ಜನ ಭಯದಿಂದ ಬಿಟ್ಟು ಓಡಿದ ಸೂರತ್, 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೋರಿನೊಂದಿಗೆ ದೇಶದ ಪ್ರಥಮ ಸ್ಥಾನವನ್ನು ಹಂಚಿಕೊಂಡಿತು.

ನಾಗರಿಕರ ಕರ್ತವ್ಯವೂ ಇಲ್ಲಿ ಸ್ಪಷ್ಟ. ಮನೆಯ ಸುತ್ತ ಇಲಿಗಳು ಅಕಾರಣವಾಗಿ ಸಾಯುತ್ತಿದ್ದರೆ ಅವುಗಳನ್ನು ಬರಿಗೈಯಿಂದ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಚಿಗಟಗಳನ್ನು ನಾಶಪಡಿಸುವ ಮೊದಲು ಇಲಿಗಳನ್ನು ಕೊಂದರೆ, ಆಶ್ರಯ ಕಳೆದುಕೊಂಡ ಚಿಗಟಗಳು ಮನುಷ್ಯನನ್ನು ಅರಸಿ ಬರುತ್ತವೆ. ಆದ್ದರಿಂದ ಈ ಕೆಲಸವನ್ನು ಸಿಬ್ಬಂದಿಯ ಮಾರ್ಗದರ್ಶನದಲ್ಲಿಯೇ ನಡೆಸಬೇಕು. ಹಠಾತ್ ಜ್ವರದೊಂದಿಗೆ ಗಡ್ಡೆ ಅಥವಾ ಕಫದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು. ಔಷಧಿ ಆರಂಭಿಸುವ ಮುನ್ನ ಪರೀಕ್ಷೆಗೆ ಮಾದರಿ ನೀಡಬೇಕು. ಸಕಾಲದಲ್ಲಿ ಗುರುತಿಸಿದರೆ ಪ್ಲೇಗ್ ಇಂದು ಗುಣವಾಗುವ ರೋಗ. ಆ ಸಕಾಲವನ್ನು ಒದಗಿಸುವುದರಲ್ಲಿ ವಿಜ್ಞಾನಿ, ವೈದ್ಯ, ಆಡಳಿತ ಮತ್ತು ಜನತೆ ಎಲ್ಲರೂ ಸಮಾನ ಪಾಲುದಾರರು.